ಯಾವ ಸ್ಕ್ರೀನ್ ರೀಡರ್‌ಗೆ ಸಪೋರ್ಟ್ ಕೊಡಬೇಕು? ಅಂಧ ಪ್ರೋಗ್ರಾಮರ್‌ಗಳಿಗೆ ಸಾಫ್ಟ್‌ವೇರ್ ಮಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಅಂಧ ಪ್ರೋಗ್ರಾಮರ್ ನಿಮ್ಮ ಸಾಫ್ಟ್‌ವೇರನ್ನು ಕಿವಿಯಿಂದ ಬಳಸುತ್ತಾರೆ. ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಓದಿ ಹೇಳಿದ್ದೇ ಅವರಿಗೆ ಪರದೆ. ಅದು ಓದದೆ ಬಿಟ್ಟ ಬಟನ್ ಅವರ ಪಾಲಿಗೆ ಇಲ್ಲವೇ ಇಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾಲೇಜುಗಳಿಗೆ ಲ್ಯಾಬ್ ಪೋರ್ಟಲ್, ಕೋಡಿಂಗ್ ಪ್ರಾಕ್ಟೀಸ್ ಸೈಟ್, ಆನ್‌ಲೈನ್ ಪರೀಕ್ಷೆಯ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಇಂಥ ತಂಡದಲ್ಲಿ ಸ್ಕ್ರೀನ್ ರೀಡರ್ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಉತ್ತರ ಕೇಳಿಬರುತ್ತವೆ. ಒಂದು, "ಎಲ್ಲದಕ್ಕೂ ಸಪೋರ್ಟ್ ಇದೆ ಅಂತ ಬರೆದುಬಿಡಿ". ಇನ್ನೊಂದು, "ನನ್ನ ಲ್ಯಾಪ್‌ಟಾಪ್‌ನಲ್ಲಿ ಇರೋದರಲ್ಲಿ ನೋಡಿದೆ, ಓಡ್ತಿದೆ". ಮೊದಲನೆಯದು ಉಳಿಸಿಕೊಳ್ಳಲಾಗದ ಮಾತು. ಎರಡನೆಯದರಲ್ಲಿ ಬಳಸುವವರ ಲೆಕ್ಕವೇ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ವಿಂಡೋಸ್ ಮೇಲಿನ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಮೊದಲು ಬರಬೇಕು. ಉಳಿದದ್ದನ್ನು ನಿಮ್ಮ ಬಳಕೆದಾರರನ್ನು ಕೇಳಿ ನಿರ್ಧರಿಸಬೇಕು. ಅದು ಹೇಗೆ ಅನ್ನುವುದೇ ಮುಂದಿನ ಹಂತಗಳು.

ಹಂತ 1: ಯಾರು, ಯಾವ ಮಷಿನ್ ಮುಂದೆ ಕೂತಿದ್ದಾರೆ ಎಂದು ಕೇಳಿ

ವೆಬ್‌ಏಮ್ ಎಂಬ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರ ಸಮೀಕ್ಷೆಯನ್ನು ಆಗಾಗ ಮಾಡುತ್ತದೆ. 2023ರ ಕೊನೆಗೆ ಶುರುವಾಗಿ 2024ರ ಆರಂಭದಲ್ಲಿ ಮುಗಿದ ಹತ್ತನೇ ಸಮೀಕ್ಷೆಯಲ್ಲಿ ಮುಖ್ಯ ಸ್ಕ್ರೀನ್ ರೀಡರ್ ಯಾವುದು ಎಂದು ಕೇಳಿದ್ದರು. ಶೇ 40.5 ಜನ ಜಾಸ್ ಎಂದರು, ಶೇ 37.7 ಜನ ಎನ್‌ವಿಡಿಎ ಎಂದರು, ಶೇ 9.7 ಜನ ವಾಯ್ಸ್‌ಓವರ್ ಎಂದರು. ಇಷ್ಟೇ ನೋಡಿದರೆ ಜಾಸ್ ಮೊದಲು ಅನ್ನಿಸುತ್ತದೆ. ಆದರೆ ಉತ್ತರ ಕೊಟ್ಟವರಲ್ಲಿ ಜಾಸ್ತಿ ಜನ ಉತ್ತರ ಅಮೆರಿಕದವರು. ಅಲ್ಲಿ ಜಾಸ್‌ನಂಥ ದುಬಾರಿ ಸಾಫ್ಟ್‌ವೇರಿನ ಖರ್ಚನ್ನು ಕಂಪನಿಯೋ ಸರ್ಕಾರವೋ ಭರಿಸುವುದು ಸಾಮಾನ್ಯ. ಏಷ್ಯಾದ ಉತ್ತರಗಳನ್ನಷ್ಟೇ ತೆಗೆದುಕೊಂಡರೆ ಎನ್‌ವಿಡಿಎ ಬಹಳ ಮುಂದಿದೆ. ಯಾದಗಿರಿಯ ವಿದ್ಯಾರ್ಥಿಗೆ ಅಮೆರಿಕದ ಸರಾಸರಿಯಿಂದ ಏನು ಉಪಯೋಗ?

ಅದಕ್ಕೇ ನೀವೇ ಕೇಳಿ. ಪ್ರಿನ್ಸಿಪಾಲರನ್ನಲ್ಲ, ಜೊತೆಗೆ ಬಂದ ಅಣ್ಣನನ್ನೂ ಅಲ್ಲ, ಬಳಸುವವರನ್ನೇ ಕೇಳಿ. ಕೇಳಬೇಕಾದದ್ದು ಇಷ್ಟು: ಮನೆಯಲ್ಲಿ ಯಾವ ಕಂಪ್ಯೂಟರ್, ಲ್ಯಾಬ್‌ನಲ್ಲಿ ಯಾವುದು? ವಿಂಡೋಸ್ ಎಷ್ಟನೆಯದು? ಯಾವ ಸ್ಕ್ರೀನ್ ರೀಡರ್, ಯಾವ ಆವೃತ್ತಿ? ಯಾವ ಬ್ರೌಸರ್, ಯಾವ ಎಡಿಟರ್? ಧ್ವನಿ ಯಾವ ಭಾಷೆಯದು? ಬ್ರೈಲ್ ಡಿಸ್‌ಪ್ಲೇ (ಪರದೆಯ ಅಕ್ಷರಗಳನ್ನು ಬೆರಳಿಗೆ ಸಿಗುವ ಚುಕ್ಕೆಗಳಾಗಿ ಕೊಡುವ ಸಾಧನ) ಇದೆಯಾ? ಕಂಪ್ಯೂಟರ್ ಸಿಗದ ದಿನ ಫೋನ್‌ನಲ್ಲಿ ಏನು ಮಾಡುತ್ತಾರೆ?

ಲ್ಯಾಬ್‌ಗೆ ನೀವೇ ಹೋಗಿ ನೋಡುವುದು ಇನ್ನೂ ಒಳ್ಳೆಯದು. ಡೆಸ್ಕ್‌ಟಾಪ್‌ಗೆ ಸ್ಪೀಕರ್ ಇರುವುದಿಲ್ಲ. ಹೆಡ್‌ಫೋನ್ ಸಿಕ್ಕಿಸುವ ಜಾಗ ಸಿಪಿಯು ಡಬ್ಬಿಯ ಹಿಂದೆ ಗೋಡೆಗೆ ಒತ್ತಿಕೊಂಡಿರುತ್ತದೆ. ಹೊಸ ಸಾಫ್ಟ್‌ವೇರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಗೊತ್ತಿರುವ ಸರ್ ರಜೆಯಲ್ಲಿ ಇರುತ್ತಾರೆ. ಇಂಥ ಕಡೆ ಎನ್‌ವಿಡಿಎಯ ಪೋರ್ಟಬಲ್ ಕಾಪಿ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಆದರೆ ಪರೀಕ್ಷೆ ದಿನ ಯುಎಸ್‌ಬಿ ಪೋರ್ಟ್ ಬಂದ್ ಮಾಡುತ್ತಾರಾ? ಹಾಗಿದ್ದರೆ ಮೊದಲೇ ಇನ್‌ಸ್ಟಾಲ್ ಮಾಡಿಸಿಡಬೇಕು. ಇದನ್ನೂ ಕೇಳಿ ಬರೆದುಕೊಳ್ಳಿ.

ವಿಂಡೋಸ್ 7 ಇನ್ನೂ ಓಡುತ್ತಿರುವ ಲ್ಯಾಬ್ ಸಿಕ್ಕರೆ ಒಂದು ವಿಷಯ ಗೊತ್ತಿರಲಿ. ಎನ್‌ವಿಡಿಎ 2024.1 ಮತ್ತು ಮುಂದಿನವು ಅದರಲ್ಲಿ ಓಡುವುದಿಲ್ಲ. ವಿಂಡೋಸ್ 7ಕ್ಕೆ 2023.3ರ ಸರಣಿಯೇ ಕೊನೆ.

ಹಂತ 2: ಒಂದೊಂದು ಸ್ಕ್ರೀನ್ ರೀಡರಿನ ಸ್ವಭಾವ ತಿಳಿದುಕೊಳ್ಳಿ

ಎನ್‌ವಿಡಿಎ: 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು, ಜೇಮ್ಸ್ ಟೆ ಜೊತೆಯಾದರು. ಇಬ್ಬರೂ ಅಂಧರು. ಉಚಿತ, ಓಪನ್ ಸೋರ್ಸ್. ಬಹುಪಾಲು ಪೈಥಾನ್‌ನಲ್ಲಿ ಬರೆದದ್ದು, ಸ್ವಲ್ಪ ಸಿ++. ಅಂಧ ಪ್ರೋಗ್ರಾಮರ್‌ಗಳು ತಮಗಾಗಿ ತಾವೇ ಬರೆದುಕೊಂಡ ಸಾಧನ ಇದು. ಕೋಡ್ ಬರೆಯುವವರಿಗೆ ಬೇಕಾದ ಸೆಟ್ಟಿಂಗ್‌ಗಳು ಇದರಲ್ಲಿ ಚೆನ್ನಾಗಿರುವುದಕ್ಕೆ ಅದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಧ್ವನಿಗೆ ಕನ್ನಡವೂ ಗೊತ್ತು, ಉರ್ದುವೂ ಗೊತ್ತು. ಧ್ವನಿ ಯಂತ್ರದ ಥರ ಇರುತ್ತದೆ, ನಿಜ. ಆದರೆ ಬಹಳ ವೇಗವಾಗಿ ಓದಿಸಿದರೂ ಅಕ್ಷರ ಸ್ಪಷ್ಟ. ಪ್ರೋಗ್ರಾಮರ್‌ಗಳಿಗೆ ಅದೇ ಬೇಕು.

ಜಾಸ್: 1989ರಲ್ಲಿ ಡಾಸ್‌ಗೆ ಬಂದದ್ದು, ಈಗ ಫ್ರೀಡಂ ಸೈಂಟಿಫಿಕ್‌ನದು. ದುಡ್ಡು ಕೊಟ್ಟು ಕೊಳ್ಳಬೇಕು. ಲೈಸೆನ್ಸ್ ಇಲ್ಲದಿದ್ದರೆ 40 ನಿಮಿಷ ಓಡುತ್ತದೆ, ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಆ 40 ನಿಮಿಷವನ್ನು ಟೆಸ್ಟಿಂಗ್‌ಗೆ ಬಳಸುವ ಮೊದಲು ಲೈಸೆನ್ಸ್ ಷರತ್ತು ಓದಿಕೊಳ್ಳಿ. ನಮ್ಮ ಹುಡುಗರು ಹೈದರಾಬಾದ್, ಬೆಂಗಳೂರಿನ ದೊಡ್ಡ ಕಂಪನಿಗೆ ಹೋದರೆ ಅಲ್ಲಿ ಜಾಸ್ ಎದುರಾಗಬಹುದು. ಹಾಗಾಗಿ ಅದನ್ನು ಪೂರ್ತಿ ಬಿಡುವಂತಿಲ್ಲ.

ನರೇಟರ್ ವಿಂಡೋಸ್ ಜೊತೆಗೇ ಬರುತ್ತದೆ. ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ಸಾಕು. ದಿನವಿಡೀ ಇದರಲ್ಲೇ ಕೋಡ್ ಬರೆಯುವವರು ಕಡಿಮೆ. ಏನೂ ಇನ್‌ಸ್ಟಾಲ್ ಮಾಡಲಾಗದ ಮಷಿನ್‌ನಲ್ಲಿ ಇದೇ ಆಸರೆ.

ಮ್ಯಾಕ್ ಮತ್ತು ಐಫೋನ್‌ಗೆ ವಾಯ್ಸ್‌ಓವರ್. ಐಫೋನ್ ಆಪ್ ಬರೆಯಬೇಕು ಅನ್ನುವವರಿಗೆ ಬೇರೆ ದಾರಿಯೇ ಇಲ್ಲ. ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್. ನಮ್ಮ ಕಡೆ ಕೈಯಲ್ಲಿರುವ ಮೊದಲ ಕಂಪ್ಯೂಟರ್ ಎಂದರೆ ಆಂಡ್ರಾಯ್ಡ್ ಫೋನೇ ಅಲ್ವಾ? ಅದಕ್ಕೆ ಫಲಿತಾಂಶ, ವೇಳಾಪಟ್ಟಿ, ನೋಟ್ಸ್ ಇರುವ ಪುಟಗಳು ಟಾಕ್‌ಬ್ಯಾಕ್‌ನಲ್ಲಿ ಸರಿಯಾಗಿ ಓದಲೇಬೇಕು.

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ಗೆ ಓರ್ಕಾ ಇದೆ. ಈಮ್ಯಾಕ್‌ಸ್ಪೀಕ್ ಬಗ್ಗೆಯೂ ಒಂದು ಮಾತು. ಭಾರತದಲ್ಲಿ ಹುಟ್ಟಿ ಬೆಳೆದ, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡ ಕಂಪ್ಯೂಟರ್ ವಿಜ್ಞಾನಿ ಟಿ.ವಿ. ರಾಮನ್ ಇದನ್ನು 1995ರಲ್ಲಿ ಹೊರತಂದರು. ಈಮ್ಯಾಕ್ಸ್ ಎಡಿಟರ್ ಒಳಗೇ ಕೂತು, ಪರದೆಯ ಅಕ್ಷರದ ಜೊತೆಗೆ ಕೋಡ್‌ನ ಅರ್ಥವನ್ನೂ ಧ್ವನಿಯಲ್ಲಿ ಕೊಡುತ್ತದೆ. ನೀವು ಇದಕ್ಕೆ ಪ್ರತ್ಯೇಕ ಸಪೋರ್ಟ್ ಕೊಡಬೇಕಿಲ್ಲ. ನಿಮ್ಮ ಕಮಾಂಡ್‌ಲೈನ್ ಟೂಲ್ ಸರಳವಾದ ಪಠ್ಯ ಕೊಟ್ಟರೆ ಸಾಕು.

ಹಂತ 3: ನಿಮ್ಮ ಟೂಲ್‌ಕಿಟ್ ಏನು ಹೇಳುತ್ತದೆ ನೋಡಿ

ಸ್ಕ್ರೀನ್ ರೀಡರ್ ಪರದೆಯ ಚಿತ್ರ ನೋಡಿ ಓದುವುದಿಲ್ಲ. "ಇಲ್ಲೊಂದು ಬಟನ್ ಇದೆ, ಹೆಸರು ರನ್, ಈಗ ಒತ್ತಬಹುದು" ಎಂದು ನಿಮ್ಮ ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಂಗೆ ಹೇಳಬೇಕು. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಯುಐ ಆಟೊಮೇಶನ್, ಐಆಕ್ಸೆಸಿಬಲ್2 ಮುಂತಾದ ವ್ಯವಸ್ಥೆಗಳಿವೆ. ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ. ಇಲ್ಲಿ ಸರಿಯಾಗಿ ಮಾಹಿತಿ ಕೊಟ್ಟರೆ ಎನ್‌ವಿಡಿಎ, ಜಾಸ್, ನರೇಟರ್ ಮೂರೂ ಅದನ್ನೇ ಎತ್ತಿಕೊಳ್ಳುತ್ತವೆ.

ಆದ್ದರಿಂದ ಒಂದು ಸ್ಕ್ರೀನ್ ರೀಡರ್‌ಗಾಗಿ ವಿಶೇಷ ಕೋಡ್ ಬರೆಯಬೇಡಿ. "ಎನ್‌ವಿಡಿಎ ಓಡ್ತಿದ್ದರೆ ಹೀಗೆ ಮಾಡು" ಎಂಬ ಷರತ್ತು ಹಾಕಬೇಡಿ. ನಿಮ್ಮ ಆಪ್‌ಗೆ ನೀವೇ ಮಾತಾಡುವ ಧ್ವನಿ ಸೇರಿಸಲೂ ಹೋಗಬೇಡಿ. ಎರಡು ಧ್ವನಿ ಒಟ್ಟಿಗೆ ಬಂದರೆ ಯಾವುದೂ ಕೇಳಿಸುವುದಿಲ್ಲ, ಬ್ರೈಲ್‌ನಲ್ಲಿ ಓದುವವರಿಗಂತೂ ಏನೂ ಸಿಗುವುದಿಲ್ಲ.

ಡೆಸ್ಕ್‌ಟಾಪ್ ಆಪ್ ಮಾಡುವುದಾದರೆ ಟೂಲ್‌ಕಿಟ್, ಅಂದರೆ ಕಿಟಕಿ, ಬಟನ್ ಕಟ್ಟುವ ಲೈಬ್ರರಿ, ಆರಿಸುವ ದಿನವೇ ಅರ್ಧ ನಿರ್ಧಾರ ಆಗಿಹೋಗುತ್ತದೆ. ಕಾಲೇಜಿನಲ್ಲಿ ಕಲಿಸುತ್ತಾರೆಂದು ಪೈಥಾನ್‌ನ ಟಿಕೆಇಂಟರ್ ಹಿಡಿದರೆ ವಿಂಡೋಸ್‌ನ ಸ್ಕ್ರೀನ್ ರೀಡರ್‌ಗಳಿಗೆ ಅದರೊಳಗಿನ ಬಟನ್, ಪಟ್ಟಿ ಸರಿಯಾಗಿ ಸಿಗುವುದಿಲ್ಲ. ಡಬ್ಲ್ಯುಎಕ್ಸ್‌ಪೈಥಾನ್ ವಿಂಡೋಸ್‌ನದೇ ಬಟನ್, ಪಟ್ಟಿಗಳನ್ನು ಬಳಸುತ್ತದೆ. ಎನ್‌ವಿಡಿಎಯ ಸ್ವಂತ ಕಿಟಕಿಗಳೂ ಅದರಲ್ಲೇ ಮಾಡಿದವು. ಕ್ಯೂಟಿ ಪರವಾಗಿಲ್ಲ. ಜಾವಾ ಸ್ವಿಂಗ್‌ಗೆ ಜಾವಾ ಆಕ್ಸೆಸ್ ಬ್ರಿಡ್ಜ್ ಆನ್ ಆಗಿರಬೇಕು. ಅದನ್ನು ಇನ್‌ಸ್ಟಾಲ್ ಸೂಚನೆಯಲ್ಲಿ ಬರೆಯಿರಿ.

ವೆಬ್‌ನಲ್ಲಿ ಕೋಡ್ ಎಡಿಟರ್ ಕೂರಿಸುವಾಗ ವಿಎಸ್ ಕೋಡ್‌ನ ಒಳಗಿರುವ ಮೊನಾಕೊ, ಇಲ್ಲವೇ ಕೋಡ್‌ಮಿರರ್ 6 ತೆಗೆದುಕೊಳ್ಳಿ. ಎರಡರಲ್ಲೂ ಸ್ಕ್ರೀನ್ ರೀಡರ್ ಬಗ್ಗೆ ಯೋಚಿಸಿ ಕೆಲಸ ಮಾಡಿದ್ದಾರೆ. ಕ್ಯಾನ್ವಾಸ್ ಮೇಲೆ ಅಕ್ಷರ ಬಿಡಿಸುವ ಎಡಿಟರ್ ಮಾತ್ರ ಬೇಡ. ಹಿಂದೆ ಬೇರೆ ವ್ಯವಸ್ಥೆ ಇಡದಿದ್ದರೆ ಅದು ಪೂರ್ತಿ ಮೌನ.

ಹಂತ 4: ಮೂರು ಸಾಲು ಮಾಡಿ, ಬರೆದಿಡಿ

"ಸಪೋರ್ಟ್" ಎಂದರೆ ಏನು ಮಾಡುತ್ತೀರಿ ಎಂಬುದು ಬರಹದಲ್ಲಿ ಇರಬೇಕು. ಒಂದು ಕಾಲೇಜಿನ ಲ್ಯಾಬ್ ಪೋರ್ಟಲ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ:

ಮೊದಲ ಸಾಲು: ವಿಂಡೋಸ್ 10 ಮತ್ತು 11ರಲ್ಲಿ ಎನ್‌ವಿಡಿಎ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಜೊತೆ. ಪ್ರತಿ ಬಿಡುಗಡೆಗೂ ಪರೀಕ್ಷೆ. ಕೆಲಸ ನಿಲ್ಲಿಸುವ ದೋಷ ಕಂಡರೆ ಬಿಡುಗಡೆ ನಿಲ್ಲುತ್ತದೆ.

ಎರಡನೇ ಸಾಲು: ಕ್ರೋಮ್‌ನಲ್ಲಿ ಜಾಸ್. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಟಾಕ್‌ಬ್ಯಾಕ್, ಆದರೆ ಓದುವ ಪುಟಗಳಿಗೆ ಮಾತ್ರ, ಎಡಿಟರ್‌ಗೆ ಇಲ್ಲ. ದೊಡ್ಡ ಬಿಡುಗಡೆಗಳಿಗೆ ಪರೀಕ್ಷೆ.

ಮೂರನೇ ಸಾಲು: ನರೇಟರ್, ವಾಯ್ಸ್‌ಓವರ್, ಓರ್ಕಾ. ನಾವಾಗಿ ಪರೀಕ್ಷೆ ಮಾಡುವುದಿಲ್ಲ. ದೂರು ಬಂದರೆ ನೋಡುತ್ತೇವೆ.

ಇಲ್ಲಿ ಸ್ಕ್ರೀನ್ ರೀಡರ್ ಹೆಸರು ಒಂಟಿಯಾಗಿ ಬಂದಿಲ್ಲ, ಬ್ರೌಸರ್ ಮತ್ತು ವಿಂಡೋಸ್ ಜೊತೆಗೇ ಬಂದಿದೆ, ಗಮನಿಸಿ. ಕ್ರೋಮ್‌ನಲ್ಲಿ ಸರಿಯಾಗಿ ಓದಿದ್ದು ಫೈರ್‌ಫಾಕ್ಸ್‌ನಲ್ಲಿ ಬೇರೆ ಥರ ಓದಬಹುದು.

ಆವೃತ್ತಿಗಳಿಗೆ ನನ್ನ ನಿಯಮ: ಈಗಿನದು ಮತ್ತು ಅದರ ಹಿಂದಿನದು. ಎನ್‌ವಿಡಿಎ ವರ್ಷಕ್ಕೆ ಹಲವು ಸಲ ಬರುತ್ತದೆ. ಆಡ್-ಆನ್‌ಗಳ ಹೊಂದಾಣಿಕೆ ಮುರಿಯುವ ಬದಲಾವಣೆಗಳು ವರ್ಷದ ಮೊದಲ ಬಿಡುಗಡೆಯಲ್ಲಿ, ಅಂದರೆ .1 ಇರುವುದರಲ್ಲಿ ಬರುತ್ತವೆ. ಸೆಮಿಸ್ಟರ್ ಪರೀಕ್ಷೆ ನಡೆಯುವಾಗ ಲ್ಯಾಬ್‌ನಲ್ಲಿ ಅಪ್‌ಡೇಟ್ ಮಾಡದಿರುವುದು ಕ್ಷೇಮ.

ಕಾನೂನಿನ ಮಾತೂ ಬರುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಐಎಸ್ 17802 ಎಂಬ ಭಾರತೀಯ ಮಾನದಂಡವೂ ಇದೆ, ವೆಬ್‌ಗೆ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಇದೆ. ಇವು ಯಾವ ಸ್ಕ್ರೀನ್ ರೀಡರ್ ಎಂದು ಹೆಸರು ಹೇಳುವುದಿಲ್ಲ. ಆ ಆಯ್ಕೆ ನಿಮ್ಮದೇ.

ಹಂತ 5: ಪ್ರೋಗ್ರಾಮರ್ ಕೆಲಸವನ್ನೇ ಮಾಡಿ ನೋಡಿ

ಲಾಗಿನ್ ಪುಟ ಓದಿತು, ಮೆನು ಓದಿತು, ಮುಗಿಯಿತು ಅಂದುಕೊಳ್ಳಬೇಡಿ. ಪ್ರೋಗ್ರಾಮರ್‌ಗೆ ಬೇಕಾದದ್ದು ಇನ್ನೂ ಸೂಕ್ಷ್ಮ.

ಇಂಡೆಂಟೇಶನ್‌ನಿಂದ ಶುರು ಮಾಡೋಣ. ಪೈಥಾನ್‌ನಲ್ಲಿ ಫಾರ್ ಸಾಲಿನ ಕೆಳಗೆ ನಾಲ್ಕು ಸ್ಪೇಸ್ ಬಿಟ್ಟು ಪ್ರಿಂಟ್ ಬರೆದಿದ್ದೀರಿ. ನೋಡುವವರಿಗೆ ಆ ಖಾಲಿ ಜಾಗ ಕಾಣುತ್ತದೆ. ಕೇಳುವವರಿಗೆ ಅದು ಮಾತಾಗಿ ಬರಬೇಕು. ಎನ್‌ವಿಡಿಎಯ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗ್‌ನಲ್ಲಿ ಇಂಡೆಂಟೇಶನ್ ಹೇಳುವುದನ್ನು ಆನ್ ಮಾಡಿದರೆ, ಬಾಣದ ಕೀ ಒತ್ತಿ ಆ ಸಾಲಿಗೆ ಇಳಿದಾಗ ಮೊದಲು "4 ಸ್ಪೇಸ್" ಎನ್ನುತ್ತದೆ, ಆಮೇಲೆ ಸಾಲು ಓದುತ್ತದೆ. ಮಾತಿನ ಬದಲು ಸ್ವರವನ್ನೂ ಇಟ್ಟುಕೊಳ್ಳಬಹುದು. ಒಳಗೆ ಹೋದಷ್ಟೂ ಸ್ವರ ಏರುತ್ತದೆ. ನಿಮ್ಮ ಎಡಿಟರ್‌ನಲ್ಲಿ ಇದು ಕೇಳಿಸುತ್ತದಾ? ಆ ಸ್ಪೇಸ್‌ಗಳನ್ನು ನೀವು ಸಿಎಸ್‌ಎಸ್ ಮಾರ್ಜಿನ್‌ನಿಂದ ತೋರಿಸಿದ್ದರೆ ಕೇಳಿಸುವುದಿಲ್ಲ. ನಿಜವಾದ ಅಕ್ಷರವಾಗಿ ಇರಬೇಕು.

ಆಮೇಲೆ ಚಿಹ್ನೆಗಳು. ಎನ್‌ವಿಡಿಎ ಶುರುವಿನಲ್ಲಿ ಕೆಲವೇ ಚಿಹ್ನೆ ಓದುತ್ತದೆ. ಕೋಲನ್, ಆವರಣ ಚಿಹ್ನೆ ಬಿಟ್ಟುಬಿಡುತ್ತದೆ. ಕೋಡ್‌ಗೆ ಅದು ಸಾಲದು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್‌ಸರ್ಟ್) ಜೊತೆ ಪಿ ಒತ್ತುತ್ತಾ ಹೋದರೆ "ಎಲ್ಲ" ಎಂಬ ಮಟ್ಟ ಬರುತ್ತದೆ. ಎಡಿಟರ್‌ಗೆ ಮಾತ್ರ ಈ ಮಟ್ಟ ಇರುವ ಹಾಗೆ ಬೇರೆ ಪ್ರೊಫೈಲ್ ಮಾಡಿಕೊಳ್ಳಬಹುದು. ಪರೀಕ್ಷೆ ಮಾಡುವಾಗ ನೀವೂ ಹಾಗೇ ಮಾಡಿ.

ಟ್ಯಾಬ್ ಕೀ ಇನ್ನೊಂದು ತೊಡಕು. ಎಡಿಟರ್ ಒಳಗೆ ಅದು ಸ್ಪೇಸ್ ಹಾಕುತ್ತದೆ, ಪುಟದಲ್ಲಿ ಮುಂದಿನ ಬಟನ್‌ಗೆ ಹೋಗುತ್ತದೆ. ಮೌಸ್ ಬಳಸದವರು ಎಡಿಟರ್ ಒಳಗೆ ಸಿಕ್ಕಿಹಾಕಿಕೊಂಡರೆ ಸಬ್‌ಮಿಟ್ ಬಟನ್‌ಗೆ ಹೋಗುವುದು ಹೇಗೆ? ಮೊನಾಕೊದಲ್ಲಿ ಕಂಟ್ರೋಲ್+ಎಂ ಒತ್ತಿದರೆ ಟ್ಯಾಬ್ ಹೊರಗೆ ಬಿಡುತ್ತದೆ. ಆ ಕೀಯನ್ನು ಎಡಿಟರ್‌ಗೆ ಹೋಗುವ ಮೊದಲೇ ಪುಟದಲ್ಲಿ ಬರೆದಿರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ರನ್ ಒತ್ತಿದ ಮೇಲಿನ ಗಳಿಗೆ. ನೋಡುವವರಿಗೆ ಚಕ್ರ ತಿರುಗುತ್ತದೆ, ಕೆಂಪು ಅಕ್ಷರದಲ್ಲಿ ದೋಷ ಬರುತ್ತದೆ, ತಪ್ಪಿನ ಕೆಳಗೆ ಅಲೆಅಲೆ ಗೆರೆ ಮೂಡುತ್ತದೆ. ಕೇಳುವವರಿಗೆ? "ಸರ್, ರನ್ ಒತ್ತೀನ್ರಿ, ಏನೂ ಅನವಲ್ದು. ಓಡ್ಲಿಕತ್ತದೋ ನಿಂತದೋ ತಿಳಿವಲ್ದು ನೋಡ್ರಿ" ಎಂದು ಹುಡುಗ ಕೇಳಿದಾಗ ಪಕ್ಕದಲ್ಲಿ ಕೂತವರು ಪರದೆ ಓದಿ ಹೇಳಬೇಕಾಗುತ್ತದೆ. ಪರೀಕ್ಷೆಯಲ್ಲಿ ಹೇಳುವವರು ಯಾರು?

ಇದಕ್ಕೆ ದಾರಿ ಇದೆ. ಫಲಿತಾಂಶದ ಜಾಗಕ್ಕೆ ಎಚ್‌ಟಿಎಂಎಲ್‌ನಲ್ಲಿ ಸ್ಟೇಟಸ್ ರೋಲ್ ಕೊಡಿ, ಅಲ್ಲಿ ಪಠ್ಯ ಬದಲಾದರೆ ಸ್ಕ್ರೀನ್ ರೀಡರ್ ತಾನೇ ಓದುತ್ತದೆ. "ಓಡುತ್ತಿದೆ", "ಮುಗಿಯಿತು, 3ನೇ ಸಾಲಿನಲ್ಲಿ ಕೋಲನ್ ಇಲ್ಲ" ಎಂದು ಚಿಕ್ಕದಾಗಿ ಹೇಳಿಸಿ. ಇಡೀ ಔಟ್‌ಪುಟ್ಟನ್ನು ಅದರಲ್ಲಿ ಸುರಿಯಬೇಡಿ. ನೂರು ಸಾಲಿನ ಔಟ್‌ಪುಟ್ ಒಂದೇ ಸಮ ಓದಲು ಶುರುವಾದರೆ ಕೆಲಸವೇ ನಿಲ್ಲುತ್ತದೆ. ಔಟ್‌ಪುಟ್ ಬೇರೆ ಜಾಗದಲ್ಲಿ, ಸಾಲು ಸಾಲಾಗಿ, ಹೆಡಿಂಗ್ ಜೊತೆ ಇರಲಿ. ದೋಷದಿಂದ ದೋಷಕ್ಕೆ ಹೋಗಲು ಒಂದು ಕೀ ಇರಲಿ. ವಿಎಸ್ ಕೋಡ್‌ನಲ್ಲಿ ಎಫ್8 ಆ ಕೆಲಸ ಮಾಡುತ್ತದೆ. ಅಲ್ಲೇ ಆಲ್ಟ್+ಎಫ್1 ಒತ್ತಿದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಸಹಾಯ ತೆರೆಯುತ್ತದೆ, ಆಲ್ಟ್+ಎಫ್2 ಒತ್ತಿದರೆ ಟರ್ಮಿನಲ್ ಔಟ್‌ಪುಟ್ಟನ್ನು ಸಾಲು ಸಾಲಾಗಿ ಓದಬಹುದು. ಒಂದು ಸಂಜೆ ಕೂತು ಅದನ್ನು ಬಳಸಿ ನೋಡಿ, ಮಾಡುವುದು ಹೇಗೆ ಎಂದು ಬೇಗ ಅರ್ಥವಾಗುತ್ತದೆ.

ಟರ್ಮಿನಲ್ ಟೂಲ್ ಮಾಡುವವರಿಗೆ: ತಿರುಗುವ ಚಿಹ್ನೆ, ತುಂಬುವ ಪಟ್ಟಿ, ಗೆರೆ ಹಾಕಿ ಕಟ್ಟಿದ ಟೇಬಲ್ ಇವನ್ನು ನಿಲ್ಲಿಸುವ ಆಯ್ಕೆ ಕೊಡಿ. ಬಣ್ಣ ಒಂದರಿಂದಲೇ ತಪ್ಪು ಸರಿ ಹೇಳಬೇಡಿ, "ದೋಷ" ಎಂಬ ಪದವನ್ನೂ ಹಾಕಿ.

ಹಂತ 6: ಕನ್ನಡ ಪಠ್ಯವನ್ನು ಬೇರೆಯಾಗಿ ಪರೀಕ್ಷಿಸಿ

ಇದನ್ನು ಹೊರಗಿನ ಯಾವ ಪಟ್ಟಿಯೂ ನಿಮಗೆ ಹೇಳಿಕೊಡುವುದಿಲ್ಲ. ಪ್ರಶ್ನೆಪತ್ರಿಕೆ, ಲ್ಯಾಬ್ ಮ್ಯಾನುವಲ್, ಸೂಚನೆಗಳು ಹಳೆಯ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ. ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ. ಆಗ ಎಲ್ಲರೂ ಎನ್‌ವಿಡಿಎಗೆ ಕನ್ನಡ ಬರಲ್ಲ ಎನ್ನುತ್ತಾರೆ. ಜಾಸ್ ಕೊಂಡರೂ ಅದೇ ಗತಿ. ಮೊದಲು ಎಲ್ಲವನ್ನೂ ಯುನಿಕೋಡ್‌ಗೆ ಬದಲಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ, ಮತ್ತೆ ಟೈಪ್ ಮಾಡಿಸುವುದೇ ಒಳ್ಳೆಯದು.

ವೆಬ್ ಪುಟದಲ್ಲಿ ಕನ್ನಡ ಭಾಗಕ್ಕೆ ಲ್ಯಾಂಗ್ ಅಟ್ರಿಬ್ಯೂಟ್ ಕೆಎನ್ ಎಂದಿರಲಿ, ಇಂಗ್ಲಿಷ್ ಭಾಗಕ್ಕೆ ಇಎನ್. ಹಾಗಿದ್ದರೆ ಸ್ಕ್ರೀನ್ ರೀಡರ್ ತಾನೇ ಧ್ವನಿ ಬದಲಿಸಬಲ್ಲದು. ಆದರೆ ಒಂದೊಂದು ಪದಕ್ಕೂ ಭಾಷೆ ಬದಲಿಸಬೇಡಿ. "ಫಂಕ್ಷನ್‌ನಲ್ಲಿ ರಿಟರ್ನ್ ಇಲ್ಲ" ಎಂಬ ಸಾಲಿನಲ್ಲಿ ಧ್ವನಿ ಮತ್ತೆ ಮತ್ತೆ ಬದಲಾದರೆ ಕೇಳುವವರಿಗೆ ಕಿರಿಕಿರಿ. ಬೀದರ್ ಕಡೆ ಉರ್ದು, ಮರಾಠಿ ಹೆಸರುಗಳು ಕೂಡ ಪಟ್ಟಿಯಲ್ಲಿ ಬರುತ್ತವೆ, ಅವನ್ನೂ ಒಮ್ಮೆ ಓದಿಸಿ ನೋಡಿ.

ಹಂತ 7: ಬಳಸುವವರ ಜೊತೆ ಕೂತು ಪರೀಕ್ಷೆ ಮಾಡಿ

ಮೊದಲು ನೀವೇ ಮಾನಿಟರ್ ಆಫ್ ಮಾಡಿ, ಮೌಸ್ ಬದಿಗಿಟ್ಟು ಒಂದು ಪ್ರೋಗ್ರಾಮ್ ಬರೆದು ಸಬ್‌ಮಿಟ್ ಮಾಡಿ. ಒರಟು ದೋಷಗಳು ಆಗಲೇ ಸಿಗುತ್ತವೆ. ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ. ಅದು ಓದಿದ್ದನ್ನು ಬರಹದಲ್ಲಿ ತೋರಿಸುತ್ತದೆ, ತಂಡದವರಿಗೆ ತೋರಿಸಲು ಅನುಕೂಲ.

ಆದರೆ ನೀವು ಮಾಡಿದ ಪರೀಕ್ಷೆ ಸಾಲದು. ದಿನಾ ಬಳಸುವವರ ವೇಗ, ಅಭ್ಯಾಸ ಬೇರೆ. ಅವರನ್ನು ಕರೆಯಿರಿ, ಅವರ ಸಮಯಕ್ಕೆ ದುಡ್ಡು ಕೊಡಿ. ಯಾದಗಿರಿಯಿಂದ ಕಲಬುರಗಿಗೆ ಬಸ್ ಹತ್ತಿ ಬರಲಿ ಎನ್ನುವ ಬದಲು ಅವರ ಮಷಿನ್‌ನಲ್ಲೇ ನೋಡಬಹುದು. ಎನ್‌ವಿಡಿಎ 2025.1ರಿಂದ ರಿಮೋಟ್ ಆಕ್ಸೆಸ್ ಒಳಗೇ ಬರುತ್ತದೆ. ಇಬ್ಬರ ಕಡೆಯೂ ಎನ್‌ವಿಡಿಎ ಇದ್ದರೆ ಅವರಿಗೆ ಕೇಳಿಸುವುದು ನಿಮಗೂ ಕೇಳಿಸುತ್ತದೆ.

ಅವರು ಕೆಲಸ ಮಾಡುವಾಗ ಮಧ್ಯೆ ಬಾಯಿ ಹಾಕಬೇಡಿ. "ಅಲ್ಲೇ ಕೆಳಗೆ ಇದೆ ನೋಡಿ" ಎಂದರೆ ಪರೀಕ್ಷೆ ಕೆಟ್ಟಿತು. ಎಲ್ಲಿ ನಿಂತರು, ಯಾವ ಕೀ ಎರಡನೇ ಸಲ ಒತ್ತಿದರು, ಅದನ್ನು ಬರೆದುಕೊಳ್ಳಿ.

ಹಂತ 8: ದೋಷ ಯಾರದು ಎಂದು ಬಿಡಿಸಿ, ದೂರಿಗೆ ದಾರಿ ಇಡಿ

ಒಂದು ಬಟನ್ ಎನ್‌ವಿಡಿಎಯಲ್ಲಿ ಓದಲಿಲ್ಲ ಅನ್ನಿ. ಅದೇ ಬಟನ್ ನರೇಟರ್‌ನಲ್ಲಿ ಓದಿಸಿ. ಎರಡರಲ್ಲೂ ಮೌನ ಎಂದರೆ ಬಹುತೇಕ ನಿಮ್ಮದೇ ದೋಷ. ಒಂದರಲ್ಲಿ ಮಾತ್ರ ಎಂದರೆ ಬ್ರೌಸರ್ ಬದಲಿಸಿ ನೋಡಿ. ಎನ್‌ವಿಡಿಎ ಕೀ ಜೊತೆ ಎಫ್1 ಒತ್ತಿದರೆ ಲಾಗ್ ತೆರೆದು, ಆ ಬಟನ್ ಬಗ್ಗೆ ಎನ್‌ವಿಡಿಎಗೆ ಏನು ಗೊತ್ತಿದೆ ಎಂದು ತೋರಿಸುತ್ತದೆ. ಹೆಸರು ಖಾಲಿ ಇದ್ದರೆ ನೀವು ಕೊಟ್ಟಿಲ್ಲ. ಎನ್‌ವಿಡಿಎಯದೇ ದೋಷ ಎಂದು ಖಚಿತವಾದರೆ ಅದರ ಗಿಟ್‌ಹಬ್‌ನಲ್ಲಿ ಬರೆಯಿರಿ, ಅಲ್ಲಿ ಯಾರು ಬೇಕಾದರೂ ದೂರು ಕೊಡಬಹುದು.

ನಿಮ್ಮ ಸಪೋರ್ಟ್ ಪಟ್ಟಿಯನ್ನು ಲಾಗಿನ್ ಆಗುವ ಮೊದಲೇ ಸಿಗುವ ಪುಟದಲ್ಲಿ ಹಾಕಿ. ಜೊತೆಗೆ ಒಂದು ಇಮೇಲ್, ಒಂದು ವಾಟ್ಸಾಪ್ ನಂಬರ್. ಕನ್ನಡದಲ್ಲಿ ವಾಯ್ಸ್ ನೋಟ್ ಕಳಿಸಿದರೂ ನಡೆಯುತ್ತದೆ ಎಂದು ಬರೆಯಿರಿ, ದೂರುಗಳು ಆಗ ನಿಜವಾಗಿ ಬರುತ್ತವೆ. ಸ್ಕ್ರೀನ್ ರೀಡರ್, ಬ್ರೌಸರ್, ಯಾವ ಪುಟ, ಯಾವ ಕೀ ಒತ್ತಿದ್ದು, ಏನು ಕೇಳಿಸಿತು ಇಷ್ಟು ಕೇಳಿ. ಎನ್‌ವಿಡಿಎ ಲಾಗ್ ಕಳಿಸಲು ಕೇಳುವಾಗ ಒಂದು ಎಚ್ಚರಿಕೆ ಹೇಳಿ: ಲಾಗ್ ಮಟ್ಟ ಹೆಚ್ಚಿಸಿದ್ದರೆ ಒತ್ತಿದ ಕೀಗಳೂ ಅದರಲ್ಲಿ ದಾಖಲಾಗುತ್ತವೆ. ಹಾಗಾಗಿ ಮೊದಲು ಲಾಗಿನ್ ಆಗಿ, ಆಮೇಲೆ ಎನ್‌ವಿಡಿಎ ಮತ್ತೆ ಶುರು ಮಾಡಿ, ದೋಷ ಬಂದ ಕೆಲಸವನ್ನಷ್ಟೇ ಮಾಡಿ ಲಾಗ್ ತೆಗೆಯಲಿ. ಪಾಸ್‌ವರ್ಡ್ ಅದರಲ್ಲಿ ಸೇರುವುದಿಲ್ಲ.